ಎವೆಯಿಕ್ಕದವರು

ಕಥೆಗಳಲ್ಲಿ ದೇವತೆಗಳೂ ಯಕ್ಷರೂ ರಾಕ್ಷಸರೂ ದೆವ್ವಗಳೂ ಮನುಷ್ಯರೂಪವನ್ನು ತಾಳಿ ನಮ್ಮ ನಡುವೆ ಬರುವುದುಂಟು. ಬಂದವರು ಹೆಚ್ಚು ಹೊತ್ತು ಅಡಗಿರಲಾರರು. ಎಲ್ಲಿಯಾದರೊಂದು ಕಡೆ ಅವರ ಗುಟ್ಟು ಹೊರಬೀಳುತ್ತದೆ. ಹೀಗೆ ಹೊರಬೀಳುವ ಬಗೆಯಲ್ಲಿಯೇ ಕಥೆಗಾರನ ಯೋಗ್ಯತೆ ತಿಳಿಯುವುದೆಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಕೊಡಗಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಸಂಜೆ ಆರಕ್ಕೇ ಬಾಗಿಲು ಮುಚ್ಚಿ ಒಲೆಯ ಬಳಿ ಕುಳಿತುಕೊಳ್ಳತಕ್ಕ ದಿನಗಳು ಬರುತ್ತವೆ. ವಿದ್ಯುದ್ದೀಪವೂ ಹೋಯಿತೆಂದರೆ ಮಕ್ಕಳಿಗೆ ದೆವ್ವದ ಕಥೆಯೇ ಆಗಬೇಕು. ಆ ಕಥೆಯನ್ನು ಹೇಳತಕ್ಕವರು ಮನೆಯ ಹಿರಿಯರಾದ ನಾವೇ. ಆದುದರಿಂದ ಈ ವಿಷಯವನ್ನು ಈ ತಿಂಗಳು ಸ್ವಲ್ಪ ವಿಚಾರಿಸಿ ನೋಡುವುದು ಅಪ್ರಸ್ತುತವಾಗಲಾರದು.

ಈ ಬಗೆಯ ಕಥೆಗಳಿಗೆಲ್ಲ ಮೇಲ್ಪಂಕ್ತಿಯಾಗಿರುವುದು ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನ. ಕನ್ನಡದಲ್ಲಿ ಕನಕದಾಸರು ಇದನ್ನು ಷಟ್ಪದಿಯಲ್ಲಿ ‘ನಳಚರಿತ್ರೆ’ಯನ್ನಾಗಿ ಹಾಡಿದ್ದಾರೆ, ನಮ್ಮ ಅಜ್ಜಿಯರಿಗೆ ಅದು ಬಾಯಿಪಾಠವಾಗಿತ್ತು. ಯುರೋಪಿನಲ್ಲಿ ೧೮೧೯ರಲ್ಲಿ ಫ್ರಾನ್ಸ್ ಬಾಪ್ ಎಂಬ ಜರ್ಮನ್ ಪಂಡಿತನು ಇದನ್ನು ಲ್ಯಾಟಿನ್ ಅನುವಾದದೊಡನೆ ಅಚ್ಚು ಹಾಕಿಸಿದಮೇಲೆ, ಅಲ್ಲಿ ಸಂಸ್ಕೃತವನ್ನು ಕಲಿಯತೊಡಗಿದ ಎಷ್ಟೋ ಮಂದಿಗೆ ಇದೇ ಮೊದಲನೆಯ ಪಾಠವಾಯಿತು. ನಾನೂ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರಿಗೆ ಇದನ್ನೇ ಪಾಠ ಹೇಳಿದೆನು. ಸ್ವಯಂವರದ ಸಂದರ್ಭವನ್ನು ವಾಚಕರೆಲ್ಲರೂ ಬಲ್ಲರು. ದಮಯಂತಿ ಮಾಲೆಯನ್ನು ಹಿಡಿದು ಬಂದಾಗ ಒಬ್ಬ ನಳನ ಬದಲಿಗೆ ಐವರು ನಳರು ಸಾಲಾಗಿ ಕುಳಿತಿದ್ದಾರೆ. ನಾಲ್ವರು ಇಂದ್ರ, ಅಗ್ನಿ, ವರುಣ, ಯಮರು. ಒಬ್ಬನು ಮಾತ್ರ ನಿಜವಾದ ನಳ. ಆಮೇಲೆ ಅವಳಿಗೆ ಗುರುತು ತಿಳಿಯುತ್ತದೆ. ದೇವತೆಗಳಿಗೆ ಬೆವರಿಲ್ಲ, ಅವರು ಎವೆಯಿಕ್ಕುವುದಿಲ್ಲ, ಅವರ ಮುಡಿಯ ಮಾಲೆ ಬಾಡಿಲ್ಲ, ಮೈಮೇಲೆ ಧೂಳಿಲ್ಲ, ಪಾದಗಳು ನೆಲವನ್ನು ಮುಟ್ಟಿಲ್ಲ. ನಳನಿಗಾದರೋ ನೆರಳಿದೆ, ಮಾಲೆ ಬಾಡಿದೆ, ಧೂಳೂ ಬೆವರೂ ಮೈಗೆ ಅಂಟಿವೆ, ಕಾಲು ನೆಲದ ಮೇಲಿದೆ, ಕಣ್ಣು ಮಿಟುಕುತ್ತಿದೆ.

ಒಂದು ವರ್ಷ ಈ ಭಾಗವನ್ನು ಓದಿ ಮುಗಿಸಿದ ಕೂಡಲೇ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು, “ಸಾರ್, ದೇವತೆಗಳಿಗೆ ನಳನ ಕಣ್ಣುಮೂಗುಗಳನ್ನೆಲ್ಲ ಮಾಡಿಕೊಳ್ಳುವುದಕ್ಕೆ ಬಂತು, ಎರಡು ತೊಟ್ಟು ಬೆವರು ಮಾಡಿಕೊಳ್ಳುವುದಕ್ಕೆ ಬರಲಿಲ್ಲವೇ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆ ಬಹಳ ಯುಕ್ತವಾದುದು, ಮತ್ತು ಮೂಲದಲ್ಲಿಯೇ ಅದಕ್ಕೆ ಉತ್ತರವುಂಟು. ನಾವು ಕಥೆಯನ್ನು ಅವಸರದಿಂದ ಹೇಳುವಾಗ ದಮಯಂತಿ ಜಾಣತನದಿಂದ ಈ ಗುರುತುಗಳನ್ನು ಕಂಡುಹಿಡಿದಳೆಂದು ಹೇಳಿಬಿಡುತ್ತೇವೆ. ವ್ಯಾಸರು ಹಾಗೆ ಹೇಳಿಲ್ಲ. ದೇವತೆಗಳ ಲಕ್ಷಣಗಳನ್ನು ಅವಳು ವೃದ್ಧರಿಂದ ಕೇಳಿ ಬಲ್ಲಳು. ಆ ಪಟ್ಟಿಯನ್ನು ನೆನೆದುಕೊಂಡು ಒಬ್ಬೊಬ್ಬರನ್ನೂ ನೋಡುತ್ತಾಳೆ. ಒಂದು ಲಕ್ಷಣವೂ ಒಬ್ಬನಲ್ಲಿಯೂ ಕಾಣಿಸುವುದಿಲ್ಲ! ಎಂದರೆ ಅವರು ಬೆವರನ್ನೂ ಧೂಳನ್ನೂ ಕೂಡ ಮಾಡಿಕೊಂಡೇ ಬಂದಿದ್ದರು. ಕೇಳಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಆಗ ಅವಳು ಕೈಮುಗಿದು ತನ್ನ ಮನಸ್ಸಿನಲ್ಲಿದ್ದ ಸತ್ಯವನ್ನು ದೇವತೆಗಳಿಗೇ ನಿವೇದಿಸುತ್ತಾಳೆ: ತಾನು ಮನಸಾ ನಳನನ್ನು ವರಿಸಿರುವುದು ನಿಜವಾದರೆ ಆ ಸತ್ಯಕ್ಕಾಗಿ ಅವನನ್ನು ತನಗೆ ತೋರಿಸಿಕೊಡಬೇಕೆಂದು. ಅದನ್ನು ಕೇಳಿ ದೇವತೆಗಳು ತಾವಾಗಿಯೇ ಲಕ್ಷಣಗಳನ್ನು ಧರಿಸಿ ತೋರಿದರು. ಅವರು ಸಿಕ್ಕಿಬಿದ್ದವರಲ್ಲ; ಬಿಟ್ಟುಕೊಟ್ಟವರು. ಆ ಹುಡುಗನಿಗೆ ಇಷ್ಟನ್ನು ವಿವರಿಸಿದಾಗ “ಹಾಗಾದರೆ ಲಕ್ಷಣಗಳ ಪಟ್ಟಿ ಯಾತಕ್ಕೆ?” ಎಂದನು. ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಈ ಲೇಖನದಲ್ಲಿ ಹೇಳುವುದು ಹೆಚ್ಚುಕಡಿಮೆ ಅದೇ ಉತ್ತರವನ್ನು.

ಆ ಪಟ್ಟಿ ಎಂತಹುದೆಂಬುದನ್ನು ಮೊದಲು ನೋಡೋಣ. ಅಮರಕೋಶವನ್ನು ಬಾಲ್ಯದಲ್ಲಿ ಉರುಹೊಡೆದವರಿಗೆ ದೇವತೆಗಳ ಹೆಸರುಗಳು ನೆನಪಿರಬಹುದು. ನಿರ್ಜರರು ಎಂದರೆ ಮುಪ್ಪಿಲ್ಲದವರು. ಅಸ್ವಪ್ನರು ಎಂದರೆ ನಿದ್ರೆಯಿಲ್ಲದವರು. ಅಮೃತಾಂಧಸರು ಎಂದರೆ ಅಮೃತವನ್ನೇ ಅನ್ನವಾಗಿ ಉಳ್ಳವರು. ಅನಿಮಿಷರು ಎಂದರೆ ಎವೆಯಿಕ್ಕದವರು. ಈ ಮಾತು ಮೀನಿಗೂ ಸಲ್ಲುತ್ತದೆ, ಅದನ್ನು ಕೇಳಿದಾಗಲೆಲ್ಲ ಹುಡುಗರಿಗೆ ಬಲು ಸಂತೋಷ. ಈ ಹೆಸರುಗಳಲ್ಲಿ ಪ್ರತಿಯೊಂದೂ ಇಲ್ಲವೆಂಬುದನ್ನು ಹೇಳುತ್ತದೆಯೇ ಹೊರತು ಇದೆಯೆಂಬುದನ್ನಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಅಮೃತವೆಂಬ ಮಾತಿನಲ್ಲಿಯೂ ‘ಅ’ಕಾರ ಕುಳಿತಿದೆ. ದೇವತೆಗೆ ನಾಲ್ಕು ಕೈಗಳೋ ಹಣೆಯಲ್ಲಿ ಕಣ್ಣೋ ಇರುವುದು ಗುರುತಲ್ಲ. ದಣಿವಿಲ್ಲದಿರುವುದು ಗುರುತು. ನಮಗಿರುವ ಹಸಿವು, ನಿದ್ರೆ, ಬೆವರು, ಮುಪ್ಪುಗಳಲ್ಲಿ ಒಂದೋ ಎರಡೋ ಕಡಮೆಯಾಗಿರುವುದರಿಂದಲೇ ಅವರು ಬೇರೆಯವರೆಂದು ತಿಳಿಯುತ್ತದೆ. ಮನುಷ್ಯನನ್ನು ಮನುಷ್ಯನೆಂದು ತೋರಿಸುವುದು ಅವನ ಬಾಡಿದ ಮಾಲೆ.

ದೇವತೆಗಳ ಮಾತು ಹಾಗಿರಲಿ, ದೆವ್ವಗಳಲ್ಲಿಯೂ ಒಳ್ಳೆಯ ಕಥೆಗಾರನು ಈ ಸೂತ್ರವನ್ನೇ ಹಿಡಿಯುತ್ತಾನೆ. ಬಂಗಾಳದ ಲಾಲ್ ಬಿಹಾರಿ ಡೇ ಎಂಬವರು ೧೮೮೩ರಲ್ಲಿ ಪ್ರಕಟಿಸಿದ ಜನಪದ ಕಥೆಗಳ ಸಂಗ್ರಹದಲ್ಲಿ ಒಂದು ಕಥೆಯಿದೆ. ಬ್ರಾಹ್ಮಣನೊಬ್ಬನ ಹೆಂಡತಿಯನ್ನು ಹೆಣ್ಣು ದೆವ್ವವೊಂದು ಮರದ ಪೊಟರೆಯಲ್ಲಿ ತುರುಕಿ, ಅವಳ ರೂಪದಿಂದ ಮನೆಗೆ ಬಂದು ಸೇರಿಕೊಳ್ಳುತ್ತದೆ. ಗಂಡನಿಗೆ ಏನೂ ತಿಳಿಯಲಿಲ್ಲ. ಗಂಡಂದಿರ ಸ್ವಭಾವವೇ ಹಾಗೆ. ತಿಳಿದದ್ದು ಅತ್ತೆಗೆ. ಸೊಸೆ ಮೊದಲು ಮೈಯಲ್ಲಿ ಶಕ್ತಿಯಿಲ್ಲದವಳು, ಕೆಲಸದಲ್ಲಿ ನಿಧಾನ. ಈಗ ಇದ್ದಕ್ಕಿದ್ದಂತೆ ಚುರುಕಾಗಿಬಿಟ್ಟಿದ್ದಾಳೆ. ಅತ್ತೆ ಸಂತೋಷಪಟ್ಟು ಸುಮ್ಮನಾಗಬಹುದಾಗಿತ್ತು. ಆದರೆ ಒಂದು ದಿನ ಸೊಸೆ ಕುಳಿತಲ್ಲಿಂದಲೇ ಕೈಯನ್ನು ಉದ್ದಕ್ಕೆ ಚಾಚಿ ದೂರದ ವಸ್ತುವನ್ನು ತೆಗೆದುಕೊಂಡದ್ದನ್ನು ನೋಡಿದಳು; ಇನ್ನೊಂದು ದಿನ ಒಲೆಗೆ ಸೌದೆಯ ಬದಲು ತನ್ನ ಕಾಲನ್ನೇ ಇಟ್ಟು ಅಡಿಗೆ ಮಾಡುತ್ತಿದ್ದುದನ್ನು ಕಂಡಳು. ಮನೆಗೆಲಸದ ಭಾರವನ್ನು ಬಲ್ಲವರೇ ಕಟ್ಟಿದ ಕಥೆಯಿದು ಎಂಬುದರಲ್ಲಿ ಸಂಶಯವಿಲ್ಲ. ಏಳುವುದು, ಕೂರುವುದು, ಸೌದೆ ತರುವುದು ಇವೇ ಹೆಂಗಸಿನ ದಣಿವು. ಆ ದಣಿವು ಯಾವಳಿಗಿಲ್ಲವೋ ಅವಳು ಮನುಷ್ಯಳಲ್ಲ.

ಇಂಗ್ಲಿಷಿನ ಪ್ರಸಿದ್ಧವಾದ ‘ಡ್ರಾಕುಲ’ ಎಂಬ ಕಾದಂಬರಿಯನ್ನು, ಬ್ರಾಮ್ ಸ್ಟೋಕರನು ೧೮೯೭ರಲ್ಲಿ ಬರೆದದ್ದನ್ನು, ವಾಚಕರಲ್ಲಿ ಕೆಲವರಾದರೂ ಓದಿರಬಹುದು. ಅದರಲ್ಲಿ ರಕ್ತಪಿಪಾಸುವಾದ ಪ್ರಭುವಿನ ಪ್ರತಿಬಿಂಬ ಕನ್ನಡಿಯಲ್ಲಿ ಬೀಳುವುದಿಲ್ಲವೆಂಬ ಸಂಗತಿಯನ್ನೇ ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಬೇರೊಂದು. ಅತಿಥಿಯಾಗಿ ಬಂದ ಯುವಕನು ಅಷ್ಟು ದೊಡ್ಡ ಕೋಟೆಮನೆಯಲ್ಲಿ ಒಬ್ಬ ಸೇವಕನನ್ನೂ ಕಾಣುವುದಿಲ್ಲ. ಒಂದು ದಿನ ಬಾಗಿಲ ಸಂದಿನಿಂದ ನೋಡಿದರೆ ಪ್ರಭುವೇ ಊಟದ ಮೇಜನ್ನು ಅಣಿಮಾಡುತ್ತಿದ್ದಾನೆ! ಆತಿಥ್ಯವೇನೋ ಕುಂದಿಲ್ಲ, ಆದರೆ ಆ ಮನೆಯಲ್ಲಿ ಉಣ್ಣುವವನು ಅತಿಥಿಯೊಬ್ಬನೇ. ಸಂಸಾರವಂದಿಗರಾದ ನಮಗೆ ಇಂಥದು ಕನ್ನಡಿಗಿಂತ ಬೇಗ ಕಣ್ಣಿಗೆ ಬೀಳುತ್ತಿತ್ತು.

ಭಾಗವತದ ಪೂತನಿಯ ಪ್ರಸಂಗವು ಇವುಗಳಿಗಿಂತ ಸೂಕ್ಷ್ಮವಾದುದು. ಅವಳು ಎಷ್ಟು ಚೆಲುವೆಯಾಗಿ ಬಂದಳೆಂದರೆ ಗೋಪಿಯರು ಲಕ್ಷ್ಮಿಯೇ ಬಂದಳೆಂದು ಭಾವಿಸಿದರು. ಯಶೋದೆ ರೋಹಿಣಿಯರು ಆ ಕಾಂತಿಗೆ ಬೆರಗಾಗಿ ತಡೆಯದೆ ನಿಂತುಬಿಟ್ಟರು. ನಮ್ಮವರಲ್ಲದವರು ನಮ್ಮ ಮಗುವನ್ನು ಎತ್ತಿಕೊಳ್ಳುವಾಗ ನಾವು ಕೇಳಬೇಕಾದ ಒಂದು ಮಾತನ್ನೂ ಅವರು ಕೇಳಲಿಲ್ಲ. ಗುರುತು ಹತ್ತಿದ್ದು ಮಗುವಿಗೊಬ್ಬನಿಗೇ. ಅವನು ಕಣ್ಣು ಮುಚ್ಚಿಕೊಂಡನು. ಸಂಪಾಜೆಯ ಕಡೆ ಯಕ್ಷಗಾನದ ಆಟಗಳಲ್ಲಿ ಮಾಯಾಪೂತನಿ, ಮಾಯಾಶೂರ್ಪನಖಿ ಎಂಬ ವೇಷಗಳನ್ನು ನಮ್ಮ ಜನ ನೋಡಿಯೇ ಇದ್ದಾರೆ. ಒಳ್ಳೆಯ ವೇಷಧಾರಿಯಾದರೆ ಲಲಿತವಾದ ನಡೆಯ ಮಧ್ಯದಲ್ಲಿ ಒಂದು ಕ್ಷಣ ದೃಷ್ಟಿಯನ್ನು ಬಿರುಸುಮಾಡಿ, ಮರುಕ್ಷಣವೇ ತಗ್ಗಿಸುತ್ತಾನೆ. ಸಭೆಯಲ್ಲಿರುವ ನಮಗೆ ತಿಳಿಯಿತು. ಎದುರಿಗಿರುವ ಪಾತ್ರಕ್ಕೆ ತಿಳಿಯಲಿಲ್ಲ. ಆ ಒಂದು ಕ್ಷಣಕ್ಕಾಗಿ ರಾತ್ರಿಯೆಲ್ಲ ನಿದ್ದೆಗೆಡಬಹುದು. ಇನ್ನು ಕೆಲವರು ಬಂದ ಕೂಡಲೇ ಆರ್ಭಟಿಸಿಬಿಡುತ್ತಾರೆ. ಅವರ ವಿಷಯ ಇಲ್ಲಿ ಬೇಡ. ವಾಲ್ಮೀಕಿಯ ಶೂರ್ಪನಖಿಯಾದರೋ ಚೆಲುವೆಯಾಗಿ ಬಂದವಳೇ ಅಲ್ಲ. ತಾನು ರಾಕ್ಷಸಿಯೆಂದು ಕೇಳಿದ ಕೂಡಲೇ ನೇರವಾಗಿ ಹೇಳುತ್ತಾಳೆ. ಅವಳಿಗೆ ಮಾಯಾವೇಷವನ್ನು ತೊಡಿಸಿದವರು ಆಮೇಲಿನವರು.

ಈಗ ನಮ್ಮ ಹಳ್ಳಿಯ ಕಥೆಗಳಿಗೆ ಬರೋಣ. ಮೋಹಿನಿಯ ಪಾದಗಳು ಹಿಂದುಮುಂದಾಗಿರುತ್ತವೆಂಬುದು ಕರ್ನಾಟಕದ ಎಲ್ಲ ಕಡೆಯಲ್ಲಿಯೂ ಕೇಳಿಬರುವ ಮಾತು. ಮಾಕುಟ್ಟದ ಘಾಟಿಯ ಆಚೆ, ಮಲೆಯಾಳದಲ್ಲಿ, ಯಕ್ಷಿ ಸಪ್ತಪರ್ಣಿಯೆಂಬ ಹಾಲೆಮರದಲ್ಲಿ ವಾಸಮಾಡಿ ರಾತ್ರಿ ದಾರಿಹೋಕನೊಡನೆ ಎಲೆಗೆ ಸುಣ್ಣವನ್ನು ಕೇಳುತ್ತಾಳೆ. ಕೊಟ್ಟಾರತ್ತಿಲ್ ಶಂಕುಣ್ಣಿಯವರು ೧೯೦೯ರಿಂದ ಪ್ರಕಟಿಸತೊಡಗಿದ ‘ಐತಿಹ್ಯಮಾಲಾ’ದಲ್ಲಿ ಯಕ್ಷಿಯರ ಕಥೆಗಳು ಹೇರಳವಾಗಿವೆ. ಸುಣ್ಣವನ್ನು ಕೈಯಿಂದ ಕೊಡದೆ ಕತ್ತಿಯ ತುದಿಯಿಂದ ಕೊಡಬೇಕೆಂದು ತಿಳಿದವರು ಹೇಳುವರು. ಘಾಟಿ ಹತ್ತಿ ವ್ಯಾಪಾರಕ್ಕೆ ಬರುತ್ತಿದ್ದವರೊಂದಿಗೆ ಇಂಥ ಕಥೆಗಳೂ ನಮ್ಮ ಕಡೆಗೆ ಹತ್ತಿ ಬಂದಿರಬೇಕು. ಪಾದವೇ ಏಕೆ ಗುರುತಾಯಿತೆಂದು ಯೋಚಿಸಿದರೆ ನನಗೆ ಹೊಳೆಯುವುದಿಷ್ಟು: ಲಾಂದ್ರವನ್ನು ಕೈಯಲ್ಲಿ ತೂಗಾಡಿಸಿಕೊಂಡು ಹೋಗುವವನಿಗೆ ಎದುರು ಬಂದವರ ಮುಖ ಕಾಣುವ ಮೊದಲು ಕಾಲು ಕಾಣುತ್ತದೆ. ಕಥೆ ಕಟ್ಟಿದವನು ಆ ದಾರಿಯಲ್ಲಿ ನಡೆದವನು. ಈಗ ಎಲ್ಲರ ಕೈಯಲ್ಲಿಯೂ ಮೊಬೈಲಿನ ಬೆಳಕು. ಅದು ಮುಖಕ್ಕೇ ಹೊಡೆಯುತ್ತದೆ. ಹೊಸ ಮೋಹಿನಿಯ ಗುರುತು ಬೇರೆಯಾಗಬೇಕು.

ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಸಲದವರೆಗೆ ಓಗೊಡಬಾರದೆಂಬ ಮಾತೂ ಇದೇ ಬಗೆಯದು. ದೆವ್ವವು ಮನೆಯವರದೇ ಧ್ವನಿಯಿಂದ ಕರೆಯುತ್ತದೆ, ಆದರೆ ಒಂದೇ ಸಲ. ಮನುಷ್ಯನಾದರೆ ಮತ್ತೆಮತ್ತೆ ಕೂಗುತ್ತಾನೆ. ಕೊಡಗಿನಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ; ನಡುವೆ ಗದ್ದೆ, ಕಾಡು, ಕಾಫಿಯ ತೋಟ. ಅಂಥ ಕಡೆ ಕತ್ತಲಿನಲ್ಲಿ ಬಂದ ಒಂದು ಕೂಗು ಯಾರದೆಂದು ಹೇಳುವುದು ಕಷ್ಟವೇ ಸರಿ. ಈ ನಿಯಮವು ಮತ್ತೆ ನಮ್ಮ ಸೂತ್ರಕ್ಕೇ ಸೇರುತ್ತದೆ. ಕಾತರವಿಲ್ಲದ ಕೂಗು ಮನುಷ್ಯನದಲ್ಲ.

೧೯೯೦ರ ದಶಕದಲ್ಲಿ ಬೆಂಗಳೂರು ಮುಂತಾದ ಕಡೆಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ರೂಢಿ ಹಬ್ಬಿದುದನ್ನು ವಾಚಕರು ಮರೆತಿರಲಾರರು. ದೆವ್ವವು ಬಂಧುಗಳ ಧ್ವನಿಯಿಂದ ಬಾಗಿಲನ್ನು ತಟ್ಟುತ್ತದೆ. ಬರೆದದ್ದನ್ನು ಓದಿ ಹಿಂದಿರುಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಈಚೆಗೆ ೨೦೧೮ರಲ್ಲಿ ಹಿಂದಿಯಲ್ಲಿ ‘ಸ್ತ್ರೀ’ ಎಂಬ ಚಲಚ್ಚಿತ್ರದಲ್ಲಿಯೂ ಈ ಬಗೆಯ ಬರಹ ಬಂದಿತು. ಪಾಪ, ಅಕ್ಷರಜ್ಞಾನವುಳ್ಳ ದೆವ್ವ! ಅದಕ್ಕೆ ಓದು ಬರುತ್ತದೆ, ನಂಬಿಕೆಯೂ ಇದೆ, ಲೋಕಾನುಭವ ಮಾತ್ರ ಇಲ್ಲ. ‘ಈ ಹೊತ್ತು ನಗದು, ನಾಳೆ ಸಾಲ’ ಎಂದು ಬರೆದ ಅಂಗಡಿಯ ಮುಂದೆ ಮಾರನೆಯ ದಿನ ಸಾಲಕ್ಕೆ ಬಂದು ನಿಲ್ಲುವ ಮನುಷ್ಯನುಂಟೇ? ನಾಳೆ ಬಾ ಎಂದರೆ ಬರಬೇಡವೆಂದು ಅರ್ಥವೆಂದು ನಮ್ಮ ಮನೆಯ ಐದು ವರ್ಷದ ಮಗುವಿಗೂ ಗೊತ್ತು.

ಇಲ್ಲಿಯವರೆಗೆ ವಿನೋದವಾಯಿತು. ವಿನೋದವಲ್ಲದ ಒಂದು ಸಂಗತಿಯನ್ನೂ ಹೇಳಬೇಕಾಗಿದೆ. ಹಳೆಯ ಕಥೆಗಳಲ್ಲಿ ಗುರುತು ಎಂಬುದು ಇಲ್ಲದಿರುವುದರ ಗುರುತು ಎಂದೆನಷ್ಟೆ. ಇಂದಿನ ಚಲಚ್ಚಿತ್ರಗಳಲ್ಲಿಯೂ ದೂರದರ್ಶನದ ಧಾರಾವಾಹಿಗಳಲ್ಲಿಯೂ ಗುರುತು ಎಂದರೆ ಉಡುಪು: ಬಿಳಿಯ ಸೀರೆ, ಬಿಚ್ಚಿದ ಕೂದಲು, ರಾತ್ರಿ ಒಂಟಿಯಾಗಿ ನಡೆಯುವ ಹೆಂಗಸು, ಗೆಜ್ಜೆಯ ಸದ್ದು. ಇವು ಯಾವುವೂ ಮನುಷ್ಯರಲ್ಲಿ ಇಲ್ಲದವುಗಳಲ್ಲ. ಗಂಡನನ್ನು ಕಳೆದುಕೊಂಡವಳು ಬಿಳಿಯ ಸೀರೆಯನ್ನು ಉಟ್ಟಾಳು. ಆಸ್ಪತ್ರೆಯ ದಾದಿ ರಾತ್ರಿಯ ಪಾಳಿಯನ್ನು ಮುಗಿಸಿ ಒಬ್ಬಳೇ ಬಂದಾಳು. ತೋಟದ ಕೆಲಸಗಾರ್ತಿ ಕತ್ತಲಾದಮೇಲೆ ಲೈನಿನ ಮನೆಗೆ ನಡೆದಾಳು. ಕಥೆಯ ಗುರುತು ಹೀಗೆ ಜೀವಂತರಾದ ಹೆಂಗಸರ ಮೇಲೆ ಬಂದು ಕೂತಿತೆಂದರೆ ಅದು ಅಲ್ಲಿಂದ ಸುಲಭವಾಗಿ ಏಳುವುದಿಲ್ಲ.

ನಾನು ಉಪಾಧ್ಯಾಯನಾಗಿದ್ದ ಒಂದು ಹಳ್ಳಿಯಲ್ಲಿ ವಯಸ್ಸಾದ ಸೂಲಗಿತ್ತಿಯೊಬ್ಬಳಿದ್ದಳು; ವಿಧವೆ. ಹೆರಿಗೆಗೆ ಹೊತ್ತುಗೊತ್ತು ಇಲ್ಲವಾದುದರಿಂದ ಅವಳು ರಾತ್ರಿ ಎರಡಕ್ಕೋ ಮೂರಕ್ಕೋ ಗದ್ದೆಯ ಬದುವಿನ ಮೇಲೆ ಒಬ್ಬಳೇ ಬರುವುದಿತ್ತು. ಅವಳನ್ನು ಕಂಡರೆ ಮಕ್ಕಳು ಮೋಹಿನಿಯೆಂದು ಕಿರಿಚಿ ಓಡುತ್ತಿದ್ದರು. ಆ ಮಕ್ಕಳಲ್ಲಿ ಮುಕ್ಕಾಲು ಪಾಲು ಅವಳ ಕೈಯಲ್ಲಿಯೇ ಹುಟ್ಟಿದವರು. ನಾನು ಶಾಲೆಯಲ್ಲಿ ಗದರಿಸಿದುದರಿಂದ ಏನೂ ಆಗಲಿಲ್ಲ. ಕೊನೆಗೆ ನಾಲ್ಕನೆಯ ತರಗತಿಯ ಹುಡುಗನೊಬ್ಬನು ಧೈರ್ಯಮಾಡಿ ಹಾಡುಹಗಲಿನಲ್ಲಿ ಅವಳ ಜಗಲಿಗೆ ಹೋಗಿ, ಬಗ್ಗಿ ಅವಳ ಕಾಲುಗಳನ್ನು ನೋಡಿಕೊಂಡು ಬಂದು, “ಪಾದ ಸರಿಯಾಗಿಯೇ ಇದೆ ಸಾರ್, ಹಿಮ್ಮಡಿ ಮಾತ್ರ ತುಂಬ ಒಡೆದಿದೆ” ಎಂದು ಎಲ್ಲರೆದುರಿಗೂ ವರದಿ ಒಪ್ಪಿಸಿದನು. ಅಂದಿನಿಂದ ಕಿರಿಚಾಟ ನಿಂತಿತು. ದಮಯಂತಿಯು ನಳನ ಮೈಮೇಲೆ ಕಂಡ ಧೂಳು ಇದೇ ಅಲ್ಲವೇ ಎಂದು ನನಗೆ ಅನ್ನಿಸಿತು. ಹುಡುಗನಿಗೆ ಮಾತ್ರ ಏನೂ ಹೇಳಲಿಲ್ಲ.

ಎಲ್ಲ ಊರುಗಳಲ್ಲಿಯೂ ಎಲ್ಲ ಹೆಂಗಸರಿಗೂ ಇಷ್ಟರಲ್ಲಿಯೇ ಮುಗಿಯುವುದಿಲ್ಲ. ಮೈಮೇಲೆ ದೆವ್ವವಿದೆಯೆಂದು ಹೇಳಿ ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿಯ ಹೊಗೆ ಹಾಕುವುದು ಇವನ್ನು ತಡೆಯುವುದಕ್ಕಾಗಿಯೇ ನಮ್ಮ ರಾಜ್ಯದ ಶಾಸನಸಭೆಯು ೨೦೧೭ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಒಂದು ಕಾಯಿದೆಯನ್ನು ಅಂಗೀಕರಿಸಬೇಕಾಯಿತು. ೨೦೨೦ರಿಂದ ಅದು ಜಾರಿಯಲ್ಲಿದೆ. ಕಥೆ ಹೇಳುವ ನಾವು ಕಾಯಿದೆಯ ಭಯದಿಂದಲ್ಲವಾದರೂ ಇದನ್ನು ನೆನಪಿನಲ್ಲಿಟ್ಟುಕೊಂಡಿರುವುದು ಲೇಸು.

ಮತ್ತೊಂದು ಬಗೆಯ ಗುರುತುಂಟು. ಅದು ಮೈಯಲ್ಲಿಲ್ಲ, ಮಾತಿನಲ್ಲಿದೆ. ಮಾಯಾವೇಷದಿಂದ ಬಂದವರು ಅನೇಕ ವೇಳೆ, ತಮ್ಮನ್ನು ಏನೂ ಕೇಳಬಾರದೆಂಬ ಕರಾರನ್ನು ಮಾಡಿಕೊಳ್ಳುತ್ತಾರೆ. ಗಂಗೆಯು ಶಂತನುವಿನೊಡನೆ ಮಾಡಿಕೊಂಡ ಕರಾರು ಅದೇ. ಅವಳು ಹುಟ್ಟಿದ ಮಕ್ಕಳನ್ನು ಒಂದೊಂದಾಗಿ ಹೊಳೆಗೆ ಒಯ್ಯುತ್ತಿದ್ದರೂ ಅರಸನು ಏಳು ಸಲ ಬಾಯಿಮುಚ್ಚಿಕೊಂಡಿದ್ದನು. ಎಂಟನೆಯ ಸಲ ಕೇಳಿದನು, ಅವಳು ತಾನು ಯಾರೆಂದು ಹೇಳಿ ಹೊರಟುಹೋದಳು. ಗಂಡಹೆಂಡಿರ ನಡುವೆ ಕೇಳಬಾರದ ಒಂದು ಮಾತು ಇತ್ತೆಂದರೆ ಕಥೆ ಕೇಳುವವನು ಅಲ್ಲಿಯೇ ಕಿವಿ ನಿಮಿರಿಸಬೇಕು. ಜಪಾನಿನಲ್ಲಿ ಒಂಬತ್ತನೆಯ ಶತಮಾನದ ಆದಿಯಲ್ಲಿ ಸಂಗ್ರಹವಾದ ಒಂದು ಕಥೆಯಲ್ಲಿ ನರಿಯೊಂದು ಹೆಣ್ಣಾಗಿ ಬಂದು ಒಬ್ಬನ ಹೆಂಡತಿಯಾಗಿ ಮಗುವನ್ನು ಹೆರುತ್ತದೆ. ಮನೆಯ ನಾಯಿಮರಿ ಬೊಗಳಿ ಮೇಲೆಬಿದ್ದಾಗ ಬೆದರಿ, ನರಿಯಾಗಿ ಬೇಲಿಯ ಮೇಲಕ್ಕೆ ಹಾರುತ್ತದೆ. ಗಂಡನು ಓಡಿಸಲಿಲ್ಲ. ನಮ್ಮಿಬ್ಬರಿಗೆ ಮಗುವಾಗಿದೆ, ನಿನ್ನನ್ನು ಮರೆಯಲಾರೆ, ಬರುತ್ತಿರು ಎಂದನು. ಗುಟ್ಟು ಹೊರಬಿದ್ದ ಮೇಲೆ ಏನು ಮಾಡಬೇಕೆಂಬುದಕ್ಕೆ ಇಷ್ಟು ಸಮಾಧಾನದ ಉತ್ತರವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಕನ್ನಡದಲ್ಲಿ ಈ ವಸ್ತುವನ್ನು ಬಹು ದೂರಕ್ಕೆ ಕೊಂಡೊಯ್ದದ್ದು ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕ. ೧೯೮೦ರ ದಶಕದ ಕೊನೆಯಲ್ಲಿ ಬಂದ ಈ ನಾಟಕಕ್ಕೆ ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳೇ ಆಧಾರ, ೧೯೯೭ರಲ್ಲಿ ಟಿ. ಎಸ್. ನಾಗಾಭರಣರು ಚಲಚ್ಚಿತ್ರವನ್ನೂ ಮಾಡಿದರು. ರಾಣಿಯೆಂಬ ಎಳೆಯ ಹೆಂಡತಿಯನ್ನು ಅಪ್ಪಣ್ಣನು ಮನೆಯಲ್ಲಿಟ್ಟು ಬೀಗಹಾಕಿ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಬಂದು, ಮತ್ತೆ ಬೀಗ ಹಾಕಿಕೊಂಡು ಇನ್ನೊಬ್ಬಳ ಮನೆಗೆ ನಡೆಯುತ್ತಾನೆ. ಗಂಡನ ಮನಸ್ಸು ತಿರುಗಲೆಂದು ಕೊಟ್ಟ ಬೇರಿನ ಮದ್ದು ಹುತ್ತದ ಪಾಲಾಗಿ, ಅಲ್ಲಿದ್ದ ನಾಗನು ರಾತ್ರಿ ಅಪ್ಪಣ್ಣನ ರೂಪದಿ೦ದ ಬರುತ್ತಾನೆ. ಅವನನ್ನು ಬಯಲುಮಾಡುವ ಗುರುತುಗಳು ಬೇಕಾದಷ್ಟಿವೆ. ಮೈ ತಣ್ಣಗಿದೆ, ಕೆನ್ನೆಯ ಮೇಲೆ ಗಾಯದ ಗುರುತು ಇದ್ದಕ್ಕಿದ್ದಂತೆ ಬಂದಿದೆ, ಒಂದು ಸಲ ಕನ್ನಡಿಯಲ್ಲಿ ಅವನಿದ್ದ ಕಡೆ ಹಾವನ್ನೇ ಕಂಡು ರಾಣಿ ಚೀರುತ್ತಾಳೆ. ಹಗಲಿನ ಗಂಡನ ಮುಖದ ಮೇಲೆ ಗಾಯವಿಲ್ಲ, ಮಾತಿನಲ್ಲಿ ಮೃದುತ್ವವೂ ಇಲ್ಲ. ನಾಗನು ಪ್ರಶ್ನೆ ಕೇಳಬೇಡವೆನ್ನುತ್ತಾನೆ, ಅವಳು ಕೇಳುವುದಿಲ್ಲ.

ಅವಳಿಗೆ ತಿಳಿಯಲಿಲ್ಲವೇ? ಈ ಪ್ರಶ್ನೆಯನ್ನು ನಾಟಕ ನೋಡಿ ಬಂದವರು ಬಸ್ಸಿನಲ್ಲಿ ಚರ್ಚಿಸುವುದನ್ನು ಕೇಳಿದ್ದೇನೆ. ಗಂಡಸರು ಸಾಮಾನ್ಯವಾಗಿ ತಿಳಿಯಲಿಲ್ಲವೆನ್ನುತ್ತಾರೆ, ಹೆಂಗಸರು ಸುಮ್ಮನಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕನ್ನಡಿಯೂ ಗಾಯವೂ ಇಲ್ಲಿ ಎರಡನೆಯ ದರ್ಜೆಯವು. ಈ ನಾಗನನ್ನು ಬಯಲುಮಾಡುವ ಮೊದಲನೆಯ ಗುರುತು ಅವನು ಹೆಂಡತಿಯ ತಾಯ್ತಂದೆಯರನ್ನು ಕುರಿತು ಕೇಳಿ, ಅವಳ ಮಾತನ್ನು ಕುಳಿತು ಆಲಿಸುವುದು. ಒಳ್ಳೆಯ ಮಾತನ್ನಾಡುವವನು ತನ್ನ ಗಂಡನಾಗಿರಲಾರನೆಂದು ಒಬ್ಬ ಹೆಣ್ಣಿಗೆ ಅನ್ನಿಸಬೇಕಾದರೆ ಆ ಮನೆಯ ಸ್ಥಿತಿ ಹೇಗಿದ್ದಿರಬೇಕು! ಅವಳು ಕಂಡದ್ದನ್ನು ಕಾಣದಂತೆ ಇರಿಸಿಕೊಂಡಳೆಂದರೆ ತಪ್ಪೆಣಿಸುವುದು ಹೇಗೆ? ಕಡೆಗೆ ಊರ ಹಿರಿಯರ ಮುಂದೆ ವಿಚಾರಣೆಗೆ ನಿಲ್ಲುವವಳೂ ಅವಳೇ. ವೇಷ ಹಾಕಿದ ಹಾವೂ ಅಲ್ಲ, ಬೀಗ ಹಾಕಿದ ಗಂಡನೂ ಅಲ್ಲ. ಹುತ್ತದಲ್ಲಿ ಕೈಯಿಟ್ಟು ಅವಳು ಆಡಿದ್ದು ಅಕ್ಷರಶಃ ಸತ್ಯವೇ: ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ತಾನು ಮುಟ್ಟಿಲ್ಲವೆಂದು. ದಮಯಂತಿಯ ಸತ್ಯಕ್ಕೆ ದೇವತೆಗಳು ತಲೆಬಾಗಿದರು. ಇವಳ ಸತ್ಯಕ್ಕೆ ಹಾವು ಹೆಡೆಯನ್ನು ಕೊಡೆಯಾಗಿ ಹಿಡಿಯಿತು.

ಮತ್ತೆ ದಮಯಂತಿಗೇ ಬರುವೆನು. ಏಕೆಂದರೆ ಪಟ್ಟಿ ಯಾತಕ್ಕೆಂದು ಕೇಳಿದ ಹುಡುಗನಿಗೆ ಹೇಳಬೇಕಾದದ್ದು ಉಳಿದಿದೆ. ಸ್ವಯಂವರದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಜೋಡಿಯಾಗಿ ಉಪಾಖ್ಯಾನದ ಕೊನೆಯಲ್ಲಿ ಬರುವ ಪರೀಕ್ಷೆಯನ್ನು ಅಷ್ಟಾಗಿ ಹೇಳುವುದಿಲ್ಲ. ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡು, ಕಾಡಿನಲ್ಲಿ ಹೆಂಡತಿಯನ್ನು ಬಿಟ್ಟುಹೋದ ನಳನು ಕಾರ್ಕೋಟಕನ ಕಡಿತದಿಂದ ವಿರೂಪನಾಗಿ, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿ ವಿದರ್ಭಕ್ಕೆ ಬಂದಿದ್ದಾನೆ. ಈಗ ವೇಷ ಹಾಕಿರುವವನು ಮನುಷ್ಯ. ದಮಯಂತಿಯು ಕೇಶಿನಿಯೆಂಬ ದಾಸಿಯನ್ನು ಕರೆದು ಅವನ ನಡೆನುಡಿಗಳನ್ನು ನೋಡಿಕೊಂಡು ಬಾ ಎಂದು ಕಳುಹಿಸುತ್ತಾಳೆ. ಕೇಶಿನಿ ಕಂಡದ್ದು ಆಶ್ಚರ್ಯಕರವಾದುದು: ತಗ್ಗಾದ ಬಾಗಿಲಲ್ಲಿ ಅವನು ತಲೆ ಬಗ್ಗಿಸುವುದಿಲ್ಲ, ಬಾಗಿಲೇ ಎತ್ತರವಾಗುತ್ತದೆ, ಬರಿದಾದ ಕೊಡವನ್ನು ನೋಡಿದರೆ ನೀರು ತುಂಬುತ್ತದೆ, ಹುಲ್ಲನ್ನು ಬಿಸಿಲಿಗೆ ಹಿಡಿದರೆ ಉರಿಯುತ್ತದೆ, ಬೆಂಕಿ ಅವನನ್ನು ಸುಡುವುದಿಲ್ಲ, ಹೂವನ್ನು ಹಿಸುಕಿದರೆ ಮತ್ತಷ್ಟು ಅರಳುತ್ತದೆ. ಮದುವೆಯ ದಿನ ಆ ನಾಲ್ವರು ದೇವತೆಗಳು ನಳನಿಗೆ ಕೊಟ್ಟ ವರಗಳನ್ನು ಬಲ್ಲವರಿಗೆ ಇಷ್ಟು ಸಾಕು. ಅಂದು ಮನುಷ್ಯಲಕ್ಷಣದಿಂದ ತಿಳಿದ ನಳನು ಇಂದು ದೇವಲಕ್ಷಣದಿಂದ ತಿಳಿಯುತ್ತಿದ್ದಾನೆ. ಹಿಂದೆ ಬಾಡಿದ ಮಾಲೆ, ಈಗ ಬಾಡದ ಹೂವು.

ಆದರೆ ಅವಳಿಗೆ ಸಾಲಲಿಲ್ಲ. ಲಕ್ಷಣಗಳ ಪಟ್ಟಿಯನ್ನು ನಂಬಿ ಒಮ್ಮೆ ಕೈಸೋತವಳು ಅವಳು. ಬಾಹುಕನು ಬೇಯಿಸಿದ ಮಾಂಸದಲ್ಲಿ ಸ್ವಲ್ಪವನ್ನು ಅವನಿಗೆ ತಿಳಿಯದಂತೆ ತರಿಸಿ, ಬಾಯಲ್ಲಿ ಹಾಕಿಕೊಂಡಳು. ಎಷ್ಟೋ ಸಲ ಉಂಡ ಕೈಯಡಿಗೆ. ನಾಲಗೆಗೆ ಗುರುತು ಸಿಕ್ಕಿತು. ಅನ್ನದ ರುಚಿ ಯಮನು ಕೊಟ್ಟ ವರವೆಂದು ಶಾಸ್ತ್ರಿಗಳು ಹೇಳಬಹುದು, ನಿಜವೇ; ಆದರೆ ಇಪ್ಪತ್ತು ವರ್ಷ ಒಂದೇ ಅಡಿಗೆಯನ್ನು ಉಂಡವರಿಗೆ ಕಣ್ಣು ಕಟ್ಟಿದರೂ ಸಾರು ಯಾರು ಮಾಡಿದ್ದೆಂದು ತಿಳಿಯುವುದಕ್ಕೆ ಯಮನ ವರ ಬೇಕಾಗಿಲ್ಲ. ಆಮೇಲೆ ಅವಳು ಬಾಯಿ ತೊಳೆದುಕೊಂಡು, ಇಂದ್ರಸೇನ ಇಂದ್ರಸೇನೆಯರೆಂಬ ಇಬ್ಬರು ಮಕ್ಕಳನ್ನು ಕೇಶಿನಿಯ ಜೊತೆಯಲ್ಲಿ ಕಳುಹಿಸಿದಳು. ಕುಬ್ಜನಾದ ಸಾರಥಿ ಅರಸುಮಕ್ಕಳನ್ನು ಕಂಡು ಓಡಿಬಂದು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟನು. ಅತ್ತ ಮೇಲೆ ನಾಚಿಕೆಯಾಯಿತು. ಮಕ್ಕಳನ್ನು ಕೆಳಗಿಳಿಸಿ ಕೇಶಿನಿಗೆ ಒಂದು ಸಬೂಬನ್ನು ಹೇಳಿದನು: ಈ ಮಕ್ಕಳು ನನ್ನ ಮಕ್ಕಳ ಹಾಗೆಯೇ ಇದ್ದಾರೆ, ಅದರಿಂದ ಕಣ್ಣೀರು ಬಂತು, ಬೇರೇನೂ ಅಲ್ಲ, ನಾವು ಪರದೇಶದ ಅತಿಥಿಗಳು, ನೀನು ಹೀಗೆ ಮೇಲಿಂದಮೇಲೆ ಬರುತ್ತಿದ್ದರೆ ನೋಡಿದವರು ಏನೆಂದುಕೊಂಡಾರು, ಹೋಗಮ್ಮ ಎಂದನು. ಕೇಶಿನಿ ಮಕ್ಕಳ ಕೈಹಿಡಿದುಕೊಂಡು ಹಿಂದಿರುಗಿ, ಕಂಡದ್ದನ್ನು ಕಂಡಂತೆ ದಮಯಂತಿಗೆ ತಿಳಿಸಿದಳು.